ವಾರಕ್ಕೊಂದು ಗಂಟೆ



ನೀವು ಬೆಂಗಳೂರಿನ ಪೂರ್ವಭಾಗದಲ್ಲಿ ಓಡಾಡುವವರಾದರೆ ಒಂದು ಚಿಕ್ಕ ಫಲಕವನ್ನು ನೋಡಿರುತ್ತೀರಿ. ಇಂದಿರಾನಗರದ ಯಾವುದೋ ಹೋಟೆಲಿನ ಬಾಗಿಲಲ್ಲಿ ಅದು ನಿಂತಿರುತ್ತದೆ. ಅಥವಾ ಹಲಸೂರಿನ ಯಾವುದೋ ಸಭಾಂಗಣದ ಮೆಟ್ಟಿಲ ಬಳಿ ಇರುತ್ತದೆ. ನೀಲಿ ಮತ್ತು ಹೊಂಬಣ್ಣ. ಯಂತ್ರದ ಹಲ್ಲುಚಕ್ರದ ಗುರುತು. ಅದರ ಕೆಳಗೆ ರೋಟರಿ ಎಂಬ ಸೇವಾ ಸಂಸ್ಥೆಯ ಒಂದು ಕ್ಲಬ್ಬಿನ ಹೆಸರು, ವಾರ, ಹೊತ್ತು. ಮುಂದಿನ ವಾರ ಅದೇ ದಿನ, ಅದೇ ಹೊತ್ತಿಗೆ ಹೋದರೆ ಫಲಕ ಮತ್ತೆ ಅಲ್ಲೇ ಇರುತ್ತದೆ.

ಅದನ್ನು ನೋಡಿದ ಅನೇಕರು ಕೇಳುವ ಪ್ರಶ್ನೆ ಒಂದಿದೆ. "ಇವರು ವಾರವಾರ ಸೇರಿ ಮಾಡೋದಾದ್ರೂ ಏನು? ಒಂದು ಭಾಷಣ, ಒಂದು ಊಟ, ಒಂದು ಫೋಟೋ. ಸೇವೆ ಮಾಡೋ ಮನಸ್ಸಿದ್ರೆ ಬೀದಿಗಿಳಿದು ಮಾಡ್ಲಿ. ಸಭೆ ಯಾಕೆ?"

ನ್ಯಾಯವಾದ ಪ್ರಶ್ನೆ. ಇವತ್ತಿನ ಮಾತು ಅದಕ್ಕೆ ಉತ್ತರ. ಸೇವಾ ಸಂಸ್ಥೆಗಳು ಮಾಡುವ ಕೆಲಸಗಳಲ್ಲಿ ಬಹಳ ಬಾಳುವಂಥವು ಆ ವಾರದ ಸಭೆಯಿಂದಲೇ ಹುಟ್ಟುತ್ತವೆ ಎಂದು ನಾನು ನಂಬುತ್ತೇನೆ. ಒಂದು ದಿನದ ಉತ್ಸಾಹ ಎಲ್ಲರಿಗೂ ಬರುತ್ತದೆ. ಐವತ್ತನೆಯ ವಾರವೂ ಬಂದು ಕೂರುವವರು ಕಡಿಮೆ. ಸಮಾಜಕ್ಕೆ ಬೇಕಾಗಿರುವವರು ಈ ಕಡಿಮೆ ಜನ.

ಮೊದಲು ಸಭೆಯ ಒಳಗೆ ಹೋಗೋಣ. ನಿಮಗೆ ಕಾಣಿಸುವುದಿಲ್ಲ, ಹೇಳುತ್ತೇನೆ, ಕೇಳಿ.

ಒಂದು ಸಾಧಾರಣ ಕೋಣೆ. ಮೂವತ್ತು ನಲವತ್ತು ಕುರ್ಚಿ. ಎದುರಿಗೆ ಉದ್ದನೆಯ ಮೇಜು. ಮೇಜಿನ ಮೇಲೆ ಹಿತ್ತಾಳೆಯ ಒಂದು ಗಂಟೆ. ಅಧ್ಯಕ್ಷರು ಅದನ್ನು ಬಾರಿಸಿದರೆ ಸಭೆ ಶುರು. ಎಲ್ಲರೂ ಎದ್ದು ನಿಲ್ಲುತ್ತಾರೆ. ಪ್ರಾರ್ಥನೆ ಅಥವಾ ನಾಡಿನ ಗೀತೆ. ಆಮೇಲೆ ಬೇರೆ ಊರಿನ ಕ್ಲಬ್ಬಿನಿಂದ ಬಂದ ಅತಿಥಿಗಳ ಪರಿಚಯ. ಆ ವಾರ ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ ಇರುವವರಿಗೆ ಶುಭಾಶಯ. ಶಿಸ್ತು ನೋಡಿಕೊಳ್ಳಲು ಒಬ್ಬರು ಇರುತ್ತಾರೆ, ಅವರನ್ನು ಸಾರ್ಜೆಂಟ್ ಅಟ್ ಆರ್ಮ್ಸ್ ಅನ್ನುತ್ತಾರೆ. ತಡವಾಗಿ ಬಂದವರಿಂದ ಸಣ್ಣ ದಂಡ ವಸೂಲು ಮಾಡುವ ಕ್ಲಬ್ಬುಗಳೂ ಇವೆ. ಆ ದಂಡದ ಹಣ ಸೇವೆಯ ಡಬ್ಬಿಗೆ.

ಆಮೇಲೆ ಕಾರ್ಯದರ್ಶಿ ಎದ್ದು ನಿಲ್ಲುತ್ತಾರೆ. ಸಭೆಯ ಜೀವ ಇರುವುದು ಇಲ್ಲಿ. ಅತಿಥಿ ಭಾಷಣಕಾರರು ಬೇಜಾರು ಮಾಡಿಕೊಳ್ಳಬಾರದು, ಅವರ ಭಾಷಣಕ್ಕಿಂತ ಕಾರ್ಯದರ್ಶಿಯ ಈ ಹತ್ತು ನಿಮಿಷವೇ ನನಗೆ ದೊಡ್ಡದು. ರಕ್ತದಾನದ ಶಿಬಿರ ಹತ್ತಿರ ಬಂದಿದೆ ಎಂದುಕೊಳ್ಳಿ. ಮಾತು ಹೀಗೆ ನಡೆಯುತ್ತದೆ.

"ಬರೋ ಭಾನುವಾರ ಶಿಬಿರ. ಮಂಚ, ನರ್ಸು, ಡಾಕ್ಟ್ರು ಬ್ಲಡ್ ಬ್ಯಾಂಕಿನಿಂದ ಬರ್ತಾರೆ. ಜಾಗ, ಊಟ ನಮ್ಮದು. ಕರೆಂಟ್ ಹೋದ್ರೆ ಏನು ಮಾಡೋದು?"

"ನಮ್ಮ ಅಂಗಡಿ ಜನರೇಟರ್ ತರಿಸ್ತೀನಿ ಸಾರ್."

"ಹೋದ ಸಲ ಹುಡುಗರು ಎರಡು ಗಂಟೆ ಕಾದು ವಾಪಸ್ ಹೋದ್ರು. ಆ ಥರ ಆಗ್ಬಾರ್ದು."

"ಹಾಗಾದ್ರೆ ಕಾಲೇಜಿನವ್ರನ್ನ ಬೆಳಿಗ್ಗೆ ಕರೆಯೋಣ. ಅಪಾರ್ಟ್‌ಮೆಂಟಿನವ್ರನ್ನ ಹನ್ನೊಂದರ ಮೇಲೆ ಕರೆಯೋಣ ಮೇಡಂ."

ಕೇಳುಗರೇ, ಈ ಮಾತುಗಳಲ್ಲಿ ಆದರ್ಶದ ಒಂದು ಪದವೂ ಇಲ್ಲ. ಜನರೇಟರು, ಊಟ, ಕಾಯುವ ಹೊತ್ತು. ಆದರೆ ಹೋದ ಸಲ ಏನು ತಪ್ಪಾಯಿತು ಎನ್ನುವುದನ್ನು ಯಾರೋ ನೆನಪಿಟ್ಟಿದ್ದಾರೆ. ಅದನ್ನು ಹತ್ತು ಜನರ ಎದುರು ಹೇಳಿದ್ದಾರೆ. ಜನರೇಟರ್ ತರುತ್ತೇನೆ ಎಂದವರು ಮುಂದಿನ ವಾರ ಅದೇ ಹತ್ತು ಜನರ ಮುಖ ನೋಡಬೇಕು. ಒಪ್ಪಿಕೊಂಡ ಕೆಲಸ ಜಾರಿಹೋಗದಂತೆ ನೋಡಿಕೊಳ್ಳುವುದು ಈ ಮುಖಾಮುಖಿ. ಫೋನಿನ ಗುಂಪಿನಲ್ಲಿ ಒಂದು ಹೆಬ್ಬೆರಳಿನ ಚಿತ್ರ ಹಾಕಿ ಮರೆಯಬಹುದು. ಎದುರು ಕೂತವರಿಗೆ ಕೊಟ್ಟ ಮಾತನ್ನು ಹಾಗೆ ಮರೆಯಲಾಗುವುದಿಲ್ಲ.

ವಾರದ ಸಭೆ ಎಂದರೆ ಏನೆಂದು ಕೇಳಿದಿರಿ. ಗಂಟೆ, ಗೀತೆ, ಕಾರ್ಯದರ್ಶಿಯ ಲೆಕ್ಕ, ಒಬ್ಬರಿಗೊಬ್ಬರು ಕೊಟ್ಟ ಮಾತು. ಈಗ ಈ ಪದ್ಧತಿ ಎಲ್ಲಿಂದ ಬಂತು, ನಮ್ಮ ದಂಡಿನ ಪ್ರದೇಶಕ್ಕೆ, ಅಂದರೆ ಕಂಟೋನ್ಮೆಂಟಿಗೆ, ಹೇಗೆ ಬಂತು ನೋಡೋಣ.

1905ರ ಫೆಬ್ರವರಿ 23. ಅಮೆರಿಕದ ಷಿಕಾಗೋ ನಗರ. ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಪರಿಚಿತರನ್ನು ಸೇರಿಸಿಕೊಂಡರು. ಹಳ್ಳಿಯ ಕಡೆಯಿಂದ ದೊಡ್ಡ ಊರಿಗೆ ಬಂದಿದ್ದ ಹ್ಯಾರಿಸರನ್ನು ಒಂಟಿತನ ಕಾಡುತ್ತಿತ್ತು. ಒಂದೊಂದು ಕಸುಬಿನಿಂದ ಒಬ್ಬೊಬ್ಬರು ಸೇರಬೇಕು, ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ ಕೂರಬೇಕು ಎಂದು ಗೊತ್ತುಮಾಡಿಕೊಂಡರು. ರೋಟರಿ ಹುಟ್ಟಿದ್ದು ಹೀಗೆ. ಆರಂಭದಲ್ಲಿ ಸೇವೆಯ ಮಾತೇ ಇರಲಿಲ್ಲ. ಸ್ನೇಹ ಮತ್ತು ವ್ಯಾಪಾರದ ಅನುಕೂಲ, ಅಷ್ಟೇ. ಎರಡು ವರ್ಷ ಕೂತ ಮೇಲೆ ಅವರು ಊರಿಗಾಗಿ ಒಂದು ಕೆಲಸ ಕೈಗೆತ್ತಿಕೊಂಡರು. ಏನು ಗೊತ್ತೆ? ನಗರಸಭೆಯ ಕಟ್ಟಡದ ಹತ್ತಿರ ಒಂದು ಸಾರ್ವಜನಿಕ ಶೌಚಾಲಯ. ಅದನ್ನು ಕಟ್ಟಿಸಲು ಮತ್ತೆ ಎರಡು ವರ್ಷ ಬೆನ್ನು ಹತ್ತಬೇಕಾಯಿತು.

ಈ ಸಂಗತಿ ನನಗೆ ಬಹಳ ಇಷ್ಟ. ಜಗತ್ತಿನಾದ್ಯಂತ ಹರಡಿದ ಒಂದು ಸಂಸ್ಥೆ ಊರಿಗಾಗಿ ಮಾಡಿದ ಮೊದಲ ಕೆಲಸ ಒಂದು ಶೌಚಾಲಯ. ಶಿವಾಜಿನಗರದ ಬಸ್ ನಿಲ್ದಾಣದಲ್ಲಿ, ರಸೆಲ್ ಮಾರುಕಟ್ಟೆಯ ಸುತ್ತ ದಿನವಿಡೀ ದುಡಿಯುವ ಹೆಂಗಸರನ್ನು ಕೇಳಿ. ಅದು ಎಷ್ಟು ದೊಡ್ಡ ಕೆಲಸ ಎಂದು ಅವರು ಹೇಳುತ್ತಾರೆ.

ಭಾರತದ ಮೊದಲ ರೋಟರಿ ಕ್ಲಬ್ಬು 1920ರ ಹೊತ್ತಿಗೆ ಕಲ್ಕತ್ತದಲ್ಲಿ ನೆಲೆಗೊಂಡಿತು. ಬೆಂಗಳೂರಿಗೆ ರೋಟರಿ ಬಂದದ್ದು 1934ರಲ್ಲಿ. ಆಗಿನ ಬೆಂಗಳೂರು ಎರಡು ಊರು. ಪೇಟೆಯ ಕಡೆ ಮೈಸೂರು ಮಹಾರಾಜರ ಆಡಳಿತ. ದಂಡಿನ ಕಡೆ, ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನಲ್ಲಿ, ಬ್ರಿಟಿಷ್ ರೆಸಿಡೆಂಟರ ಆಡಳಿತ. ನಡುವೆ ಕಬ್ಬನ್ ಉದ್ಯಾನ. 1947ರಲ್ಲಿ ದಂಡಿನ ಪ್ರದೇಶ ಮೈಸೂರಿಗೆ ಮರಳಿತು. 1949ರಲ್ಲಿ ಎರಡೂ ಸೇರಿ ಒಂದು ನಗರಪಾಲಿಕೆ ಆಯಿತು. ಆಮೇಲೆ ಬಡಾವಣೆಗಳು ಬೆಳೆದಂತೆ ಕ್ಲಬ್ಬುಗಳೂ ಬೆಳೆದವು. ಇಂದು ದಂಡಿನ ಹೆಸರಿನದೂ ಇದೆ, ಇಂದಿರಾನಗರದ ಹೆಸರಿನದೂ ಇದೆ.

ಹಾಗಾದರೆ ಈ ಕ್ಲಬ್ಬುಗಳು ಬರುವ ಮೊದಲು ಪೂರ್ವ ಬೆಂಗಳೂರಿನಲ್ಲಿ ಸೇವೆ ಇರಲಿಲ್ಲವೇ? ಧಾರಾಳವಾಗಿ ಇತ್ತು. ಇದನ್ನು ಹೇಳದೆ ಮುಂದೆ ಹೋದರೆ ಅನ್ಯಾಯವಾಗುತ್ತದೆ. ರಾಯ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ದಂಡಿನಲ್ಲಿ ಶಾಲೆ ತೆರೆದರು. ಹಲಸೂರು ಕೆರೆಯ ಆಸುಪಾಸಿನಲ್ಲಿ ಆರ್.ಬಿ.ಎ.ಎನ್.ಎಂ. ಶಾಲೆ ಎಂದು ಕೇಳಿದ್ದೀರಲ್ಲ, ಅದು ಅವರದೇ ಧರ್ಮಸಂಸ್ಥೆ. ಇಂದು ಹೈಕೋರ್ಟು ಇರುವ ನಮ್ಮ ಅಠಾರಾ ಕಚೇರಿಯನ್ನು ಕಟ್ಟಿದ ಗುತ್ತಿಗೆದಾರರೂ ಅವರೇ. ಶಿವಾಜಿನಗರದಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಠರು ಗೋಷಾ ಆಸ್ಪತ್ರೆಗೆ ಹಣ ಕೊಟ್ಟರು. ಪರದೆಯಲ್ಲಿದ್ದ ಹೆಣ್ಣುಮಕ್ಕಳು ಸಂಕೋಚವಿಲ್ಲದೆ ಹೆರಿಗೆಗೆ ಬರುವಂತಾಯಿತು. ಇನ್ನೂ ಪೂರ್ವಕ್ಕೆ, ಕೃಷ್ಣರಾಜಪುರದ ಆಚೆ, ಹಳೆಯ ಮದ್ರಾಸು ರಸ್ತೆಯ ಬದಿಯಲ್ಲಿ ಎಲೆಮಲ್ಲಪ್ಪ ಶೆಟ್ಟಿ ಕೆರೆ ಇದೆ. ವೀಳ್ಯದೆಲೆಯ ವ್ಯಾಪಾರದಲ್ಲಿ ಗಳಿಸಿದ್ದನ್ನು ಮಲ್ಲಪ್ಪ ಶೆಟ್ಟರು ನೀರಿಗಾಗಿ ಕೊಟ್ಟರು. ಒಬ್ಬರು ತಮಿಳು ಮನೆಮಾತಿನವರು, ಒಬ್ಬರು ಮುಸಲ್ಮಾನ ವರ್ತಕರು, ಒಬ್ಬರು ಎಲೆ ವ್ಯಾಪಾರಿ. ಶಾಲೆ, ಆಸ್ಪತ್ರೆ, ಕೆರೆ. ನಮ್ಮ ಪೂರ್ವ ಬೆಂಗಳೂರಿನ ನಿಜವಾದ ಸಂಪತ್ತು ಇಂಥವರು.

ಆದರೆ ಅವರೆಲ್ಲ ಒಬ್ಬೊಬ್ಬರೇ ದೊಡ್ಡ ದಾನಿಗಳು. ನಿಮ್ಮಲ್ಲಿ, ನನ್ನಲ್ಲಿ ಕೆರೆ ಕಟ್ಟಿಸುವಷ್ಟು ದುಡ್ಡಿಲ್ಲ. ಒಂದು ಔಷಧಿ ಅಂಗಡಿ, ಒಂದು ಮೇಷ್ಟ್ರ ಕೆಲಸ, ಎಚ್.ಎ.ಎಲ್. ಕಾರ್ಖಾನೆಯಿಂದ ಬರುವ ಒಂದು ಪಿಂಚಣಿ, ಇಷ್ಟು ಇರುವವರು ದೊಡ್ಡ ಕೆಲಸ ಮಾಡಬೇಕಾದರೆ ದಾರಿ ಒಂದೇ. ಹಲವರು ಸೇರಬೇಕು. ಸೇರುತ್ತಲೇ ಇರಬೇಕು.

ಇಲ್ಲಿಯವರೆಗೆ ಎರಡು ವಿಷಯ ಆಯಿತು. ವಾರದ ಸಭೆ ಮಾತನ್ನು ಉಳಿಸುತ್ತದೆ. ದೊಡ್ಡ ಶ್ರೀಮಂತರಲ್ಲದವರಿಗೂ ಅದು ದೊಡ್ಡ ಕೆಲಸದ ದಾರಿ ತೋರುತ್ತದೆ. ಈಗ ಮೂರನೆಯದು, ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು. ರಕ್ತದ ವಿಷಯ.

ಇಂದಿರಾನಗರದಿಂದ ಜೀವನ್ ಭೀಮಾನಗರ ದಾಟಿದರೆ ಹೊಸ ತಿಪ್ಪಸಂದ್ರ. ತರಕಾರಿ, ಬಟ್ಟೆ, ಬೇಕರಿ ಅಂಗಡಿಗಳ ಕಿಕ್ಕಿರಿದ ರಸ್ತೆ. ಅಲ್ಲಿ ಒಂದು ರಕ್ತನಿಧಿ ಇದೆ. ರೋಟರಿ ಟಿ.ಟಿ.ಕೆ. ರಕ್ತನಿಧಿ ಎಂದರೆ ಆಟೋದವರಿಗೂ ಗೊತ್ತು. ಅದನ್ನು ನಡೆಸುವುದು ಬೆಂಗಳೂರು ಮೆಡಿಕಲ್ ಸರ್ವಿಸಸ್ ಟ್ರಸ್ಟ್, ಅಂದರೆ ಬಿ.ಎಂ.ಎಸ್.ಟಿ. ಟಿ.ಟಿ.ಕೆ. ಉದ್ಯಮ ಸಮೂಹ ಮತ್ತು ಬೆಂಗಳೂರಿನ ರೋಟರಿ ಕೈಜೋಡಿಸಿದ್ದರಿಂದ 1984ರಲ್ಲಿ ಈ ಟ್ರಸ್ಟ್ ಹುಟ್ಟಿತು.

1984 ಎಂದರೆ ಯಾವ ಕಾಲ, ಸ್ವಲ್ಪ ನೆನಪು ಮಾಡಿಕೊಳ್ಳಿ. ಆಗ ನಮ್ಮ ದೇಶದ ಊರೂರುಗಳಲ್ಲಿ ರಕ್ತ ಮಾರುವವರು ಇದ್ದರು. ಹಸಿದವರು, ಚಟಕ್ಕೆ ಬಿದ್ದವರು, ಕೂಲಿ ಸಿಗದವರು. ಆಸ್ಪತ್ರೆಯ ಗೇಟಿನ ಬಳಿ ದಲ್ಲಾಳಿ ನಿಂತಿರುತ್ತಿದ್ದ. ಮೈಯಲ್ಲಿ ಶಕ್ತಿ ಇಲ್ಲದವರೂ ಮತ್ತೆ ಮತ್ತೆ ಬಂದು ರಕ್ತ ಮಾರುತ್ತಿದ್ದರು. ಕೊಟ್ಟವರಿಗೂ ಕೇಡು, ಪಡೆದವರಿಗೂ ಅಪಾಯ. ಎರಡು ವರ್ಷ ಕಳೆದು, 1986ರಲ್ಲಿ, ಮದರಾಸಿನಲ್ಲಿ ಎಚ್.ಐ.ವಿ. ಸೋಂಕು ಮೊದಲ ಬಾರಿ ಪತ್ತೆಯಾಯಿತು. ಆಗ ಎಲ್ಲರೂ ಬೆಚ್ಚಿದರು. ರಕ್ತ ಎಲ್ಲಿಂದ ಬರುತ್ತಿದೆ ಎನ್ನುವುದು ಸಾವು ಬದುಕಿನ ಪ್ರಶ್ನೆಯಾಯಿತು. ಕೊನೆಗೆ 1996ರಲ್ಲಿ ಸುಪ್ರೀಂ ಕೋರ್ಟು ಗಟ್ಟಿಯಾದ ತೀರ್ಪು ಕೊಟ್ಟಿತು. ಪರವಾನಗಿ ಇಲ್ಲದ ರಕ್ತನಿಧಿಗಳು ಮುಚ್ಚಬೇಕು. ಹಣಕ್ಕಾಗಿ ರಕ್ತ ಕೊಡುವ ಪದ್ಧತಿ ಎರಡು ವರ್ಷದೊಳಗೆ ನಿಲ್ಲಬೇಕು. 1998ರ ಜನವರಿ 1ರಿಂದ ಆ ಪದ್ಧತಿಗೆ ನಿಷೇಧ ಬಂತು.

ಕಾನೂನು ನಿಷೇಧ ತಂದಿತು. ಸರಿ. ಆದರೆ ಮಾರುವವರು ಹೋದ ಮೇಲೆ ಆ ಜಾಗ ತುಂಬುವವರು ಯಾರು? ಸುಮ್ಮನೆ ಕೊಡುವವರು ಬೇಕಲ್ಲ. ಅವರನ್ನು ಕಾನೂನು ಹುಟ್ಟಿಸಲಾರದು. ಯಾರಾದರೂ ಹೋಗಿ ಕಾಲೇಜಿನಲ್ಲಿ, ಕಾರ್ಖಾನೆಯಲ್ಲಿ, ದೇವಸ್ಥಾನದ ಅಂಗಳದಲ್ಲಿ, ಮಸೀದಿಯ ಬೀದಿಯಲ್ಲಿ, ಚರ್ಚಿನ ಸಭಾಂಗಣದಲ್ಲಿ ಜನರನ್ನು ಕೇಳಬೇಕು. ಒಂದು ಸಲ ಕೇಳಿದರೆ ಸಾಲದು.

ಯಾಕೆ ಸಾಲದು ಎನ್ನುವುದಕ್ಕೆ ರಕ್ತದ ಗುಣವೇ ಕಾರಣ. ಸ್ವಲ್ಪ ಗಮನವಿಟ್ಟು ಕೇಳಿ. ನೀವು ಕೊಟ್ಟ ರಕ್ತವನ್ನು ಈಗ ಹಾಗೆಯೇ ಇಡುವುದು ಕಡಿಮೆ. ಯಂತ್ರದಲ್ಲಿ ತಿರುಗಿಸಿ ಮೂರು ಭಾಗ ಮಾಡುತ್ತಾರೆ. ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್. ಒಬ್ಬರು ಕೊಟ್ಟದ್ದು ಮೂವರಿಗೆ ಸಲ್ಲಬಹುದು. ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿ ಒಂದು ವರ್ಷ ಇಡಬಹುದು. ಕೆಂಪು ಕಣ ತಂಪಿನಲ್ಲಿ ಸುಮಾರು ಆರು ವಾರ ಇರುತ್ತದೆ. ಪ್ಲೇಟ್‌ಲೆಟ್ ಮಾತ್ರ ಫ್ರಿಜ್ಜಿಗೆ ಒಗ್ಗುವುದಿಲ್ಲ. ಕೋಣೆಯ ಹದದಲ್ಲಿ, ನಿಧಾನವಾಗಿ ಅಲುಗಾಡುವ ತಟ್ಟೆಯ ಮೇಲೆ ಇಡಬೇಕು. ಆಗಲೂ ಅದರ ಆಯುಸ್ಸು ಐದೇ ದಿನ.

ಐದು ದಿನ, ಕೇಳುಗರೇ. ಇಂದು ಸಾವಿರ ಜನ ಸಾಲು ನಿಂತು ಕೊಟ್ಟರೂ ಮುಂದಿನ ವಾರ ಆ ಪ್ಲೇಟ್‌ಲೆಟ್ ಇರುವುದಿಲ್ಲ. ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಮಗುವಿಗೆ ಮುಂದಿನ ವಾರವೂ ಬೇಕು. ಮಳೆಗಾಲದಲ್ಲಿ ಡೆಂಗಿ ಜಾಸ್ತಿಯಾದಾಗ, ರಕ್ತಸ್ರಾವ ಶುರುವಾದ ರೋಗಿಗೆ ಅದೇ ರಾತ್ರಿ ಬೇಕು. ಥಲಸ್ಸೀಮಿಯಾ ಎಂಬ ಕಾಯಿಲೆ ಇದೆ. ಹುಟ್ಟಿನಿಂದ ಬರುವುದು. ಆ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೆಂಪು ಕಣ ಏರಿಸಬೇಕು. ಆಟ, ಪಾಠ, ಪರೀಕ್ಷೆ ಎಲ್ಲದರ ನಡುವೆ, ವರ್ಷಾನುಗಟ್ಟಲೆ. ಅವರ ತಾಯಂದಿರಿಗೆ ನಮ್ಮ ಉತ್ಸಾಹದ ಒಂದು ದಿನದಿಂದ ಏನೂ ಆಗುವುದಿಲ್ಲ. ಅವರಿಗೆ ಬೇಕಾದದ್ದು ನಮ್ಮ ಅಭ್ಯಾಸ.

ಈಗ ವಾರದ ಸಭೆಗೆ ಅರ್ಥ ಬಂತಲ್ಲ? ವಾರವಾರ ಮುಗಿದುಹೋಗುವ ವಸ್ತುವನ್ನು ವಾರವಾರ ತುಂಬಿಸಬೇಕು. ಅದಕ್ಕೆ ವಾರವಾರ ಸೇರುವ ಜನ ಬೇಕು. ಜನಸಂಖ್ಯೆಯ ನೂರರಲ್ಲಿ ಒಬ್ಬರು ವರ್ಷಕ್ಕೊಮ್ಮೆ ರಕ್ತ ಕೊಟ್ಟರೆ ಕನಿಷ್ಠ ಅಗತ್ಯ ಪೂರೈಸುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಂದಾಜು. ಒಂದು ಕೋಟಿ ದಾಟಿದ ನಮ್ಮ ಊರಿಗೆ ಆ ಲೆಕ್ಕದಲ್ಲಿ ವರ್ಷಕ್ಕೆ 1 ಲಕ್ಷಕ್ಕೂ ಹೆಚ್ಚು ಚೀಲ ರಕ್ತ ಬೇಕು. ವಾರಕ್ಕೆ ಭಾಗ ಮಾಡಿ. ಸುಮಾರು 2 ಸಾವಿರವಾಯಿತು. ಹೊರಗಿನ ಜಿಲ್ಲೆಗಳಿಂದ, ಹೊರಗಿನ ರಾಜ್ಯಗಳಿಂದ ನಮ್ಮ ಆಸ್ಪತ್ರೆಗಳಿಗೆ ಬರುವವರನ್ನು ಸೇರಿಸಿದರೆ ಇನ್ನೂ ಹೆಚ್ಚು.

ಇನ್ನೊಂದು ಮಾತು. ಆಸ್ಪತ್ರೆಯಲ್ಲಿ "ಬದಲಿಗೆ ರಕ್ತ ಕೊಡೋಕೆ ನಿಮ್ಮ ಕಡೆಯವರನ್ನ ಕರ್ಕೊಂಡು ಬನ್ನಿ" ಅನ್ನುವುದನ್ನು ನೀವು ಕೇಳಿರಬಹುದು. ಕೃಷ್ಣರಾಜಪುರದ ಆಚೆ ಕಟ್ಟಡದ ಕೆಲಸಕ್ಕೆ ರಾಯಚೂರಿನಿಂದ, ಕಲಬುರಗಿಯಿಂದ, ಒಡಿಶಾದಿಂದ, ಬಿಹಾರದಿಂದ ಬಂದವರಿದ್ದಾರೆ. ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. ಅವರಲ್ಲೊಬ್ಬನ ಹೆಂಡತಿಗೆ ಹೆರಿಗೆಯಲ್ಲಿ ರಕ್ತ ಹೋಯಿತು ಎಂದುಕೊಳ್ಳಿ. ಆ ಮನುಷ್ಯ ಯಾರನ್ನು ಕರೆತರಬೇಕು? ಅವನ ಕಡೆಯವರು ಸಾವಿರ ಮೈಲಿ ದೂರದಲ್ಲಿದ್ದಾರೆ. ಗುರುತು ಪರಿಚಯ ಇಲ್ಲದವರು ಮೊದಲೇ ಕೊಟ್ಟಿಟ್ಟ ರಕ್ತ ಕಪಾಟಿನಲ್ಲಿ ಇದ್ದರೆ ಮಾತ್ರ ಅವಳು ಉಳಿಯುತ್ತಾಳೆ. ಊರು ಅಂದರೆ ನನ್ನ ಮಟ್ಟಿಗೆ ಇದು. ಯಾರೂ ಇಲ್ಲದವನಿಗೂ ಕಪಾಟಿನಲ್ಲಿ ರಕ್ತ ಇರಬೇಕು.

ರಕ್ತನಿಧಿಯವರಿಗೆ ಅತಿ ಕಷ್ಟದ ತಿಂಗಳುಗಳು ಏಪ್ರಿಲ್, ಮೇ. ಕಾಲೇಜಿಗೆ ರಜೆ. ಮದುವೆಗಳ ಕಾಲ. ಜನ ಊರಿಗೆ ಹೋಗುತ್ತಾರೆ. ಬಿಸಿಲಿಗೆ ಹೆದರಿ ಉಳಿದವರೂ ಮುಂದೆ ಬರುವುದಿಲ್ಲ. ಅಪಘಾತಕ್ಕೆ, ಹೆರಿಗೆಗೆ, ಥಲಸ್ಸೀಮಿಯಾಕ್ಕೆ ರಜೆ ಇಲ್ಲ. ಯಾವ ಕ್ಲಬ್ಬು ಮೇ ತಿಂಗಳಲ್ಲಿ ಶಿಬಿರ ಇಟ್ಟುಕೊಳ್ಳುತ್ತದೋ ಅದಕ್ಕೆ ನನ್ನ ನಮಸ್ಕಾರ.

ಸಭೆ ಏನು, ಅದು ಎಲ್ಲಿಂದ ಬಂತು, ರಕ್ತಕ್ಕೂ ಅದಕ್ಕೂ ಏನು ನಂಟು, ಇಷ್ಟು ಕೇಳಿದಿರಿ. ಇನ್ನೊಂದು ಉದಾಹರಣೆಯನ್ನು ಬೇಗ ಹೇಳಿಬಿಡುತ್ತೇನೆ. ಅದು ಪೋಲಿಯೋ.

ಎರಡು ಹನಿಯ ಕಥೆ ನಿಮಗೆಲ್ಲ ಗೊತ್ತು. 1985ರಲ್ಲಿ ರೋಟರಿ ಜಗತ್ತಿನಿಂದ ಪೋಲಿಯೋ ತೊಲಗಿಸುವ ಸಂಕಲ್ಪ ಮಾಡಿತು. ಮೂರು ವರ್ಷದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಜೊತೆ ಸೇರಿದವು. ಆಗ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಜನಕ್ಕೆ, ಬಹುಪಾಲು ಮಕ್ಕಳಿಗೆ, ಈ ರೋಗ ತಗಲುತ್ತಿತ್ತು. ನಮ್ಮ ದೇಶದಲ್ಲಿ 1995ರಿಂದ ಪಲ್ಸ್ ಪೋಲಿಯೋ ಭಾನುವಾರಗಳು ಬಂದವು. ಮುಂದೆ ಒಂದೊಂದು ಸುತ್ತಿಗೆ ಸುಮಾರು 17 ಕೋಟಿ ಮಕ್ಕಳು. ಹನಿ ಹಾಕಿದ ಮಗುವಿನ ಕಿರುಬೆರಳಿಗೆ ಶಾಯಿ. ಮನೆಯ ಬಾಗಿಲಿಗೆ ಸೀಮೆಸುಣ್ಣದ ಗುರುತು. ಬಾಗಿಲು ಬಾಗಿಲಿಗೆ ನಡೆದವರು ಅಂಗನವಾಡಿ ಕಾರ್ಯಕರ್ತೆಯರು, ಆರೋಗ್ಯ ಇಲಾಖೆಯ ಸಹಾಯಕಿಯರು, ಆಶಾ ಅಕ್ಕಂದಿರು. ಮುಖ್ಯ ಕೀರ್ತಿ ಅವರದು. ರೋಟರಿಯವರು ಹಣ ಕೂಡಿಸಿದರು, ಬೂತುಗಳಲ್ಲಿ ಕೂತರು, ವಾಹನ ಕೊಟ್ಟರು, ಸಂದೇಹಪಟ್ಟ ಮನೆಗಳಿಗೆ ಹೋಗಿ ಮಾತಾಡಿದರು.

ಇದರಲ್ಲಿ ನಾನು ಎತ್ತಿ ಹೇಳಬೇಕೆಂದಿರುವುದು ಒಂದೇ. 2009ರಲ್ಲಿ, ಹದಿನಾಲ್ಕು ವರ್ಷ ಹನಿ ಹಾಕಿದ ಮೇಲೂ, ನಮ್ಮ ದೇಶದಲ್ಲಿ ಸುಮಾರು 740 ಮಕ್ಕಳಿಗೆ ಪೋಲಿಯೋ ತಗಲಿತು. ಜಗತ್ತಿನ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಅರ್ಧ. ಭಾರತದಿಂದ ಇದು ಹೋಗುವುದಿಲ್ಲ ಎಂದು ತಿಳಿದವರೇ ಹೇಳುತ್ತಿದ್ದರು. ಅಂಥ ವರ್ಷದಲ್ಲೂ ಮುಂದಿನ ಭಾನುವಾರದ ಪಟ್ಟಿ ಬರೆದ ಜನ ಇದ್ದರು. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಒಂದು ಹೆಣ್ಣುಮಗುವಿಗೆ ಬಂದದ್ದೇ ಕೊನೆ. 2014ರ ಮಾರ್ಚಿನಲ್ಲಿ ಭಾರತ ಸೇರಿದ, ವಿಶ್ವ ಆರೋಗ್ಯ ಸಂಸ್ಥೆಯ ಇಡೀ ಆಗ್ನೇಯ ಏಷ್ಯಾ ವಲಯ ಪೋಲಿಯೋಮುಕ್ತ ಎಂದು ಘೋಷಣೆಯಾಯಿತು. 1985ರಿಂದ ಎಣಿಸಿ. ಸುಮಾರು ಮೂವತ್ತು ವರ್ಷ.

ರಕ್ತವೂ ಪೋಲಿಯೋವೂ ಒಂದೇ ಮಾತನ್ನು ಹೇಳುತ್ತವೆ. ಬಿಡದೆ ಮಾಡಿದ್ದು ಉಳಿಯುತ್ತದೆ. ಇಷ್ಟು ಹೊಗಳಿದ ಮೇಲೆ ಕೊರತೆಗಳನ್ನೂ ಹೇಳಬೇಕು. ಸೇವಾ ಸಂಸ್ಥೆಗಳ ಮೇಲೆ ಪ್ರೀತಿ ಇರುವುದರಿಂದಲೇ ಹೇಳುತ್ತೇನೆ.

ಮೊದಲನೆಯದು ಹೆಣ್ಣುಮಕ್ಕಳ ವಿಷಯ. ಬಹಳ ಕಾಲ ರೋಟರಿಗೆ ಗಂಡಸರು ಮಾತ್ರ ಸದಸ್ಯರು. ಸದಸ್ಯರ ಹೆಂಡತಿಯನ್ನು 'ಆನ್' ಎಂದೂ ಮಕ್ಕಳನ್ನು 'ಆನೆಟ್' ಎಂದೂ ಕರೆಯುವ ರೂಢಿ ಇತ್ತು. ಶಿಬಿರದಲ್ಲಿ ದುಡಿದವರು ಅವರೂ ಹೌದು. ಆದರೆ ಅವರಿಗೆ ಮತ ಹಾಕುವ ಹಕ್ಕು ಇರಲಿಲ್ಲ. 1989ರಲ್ಲಿ ನಿಯಮ ಬದಲಾಯಿತು. ಅದು ಎಷ್ಟೋ ವರ್ಷ ಮೊದಲೇ ಆಗಬೇಕಿತ್ತು. ಇಂದು ಹೆಣ್ಣುಮಕ್ಕಳು ಅಧ್ಯಕ್ಷರಾಗಿ ಗಂಟೆ ಬಾರಿಸುತ್ತಾರೆ.

ಎರಡನೆಯದು ಭಾಷೆ. ಶಿವಾಜಿನಗರದಲ್ಲಿ ದಖನಿ ಉರ್ದು, ಹಲಸೂರಿನಲ್ಲಿ ತಮಿಳು, ಕೃಷ್ಣರಾಜಪುರದಲ್ಲಿ ಕನ್ನಡದ ಜೊತೆ ತೆಲುಗು ಕೇಳುತ್ತೀರಿ. ನಮ್ಮ ಪೂರ್ವ ಬೆಂಗಳೂರು ಹಾಗೇ ಬೆಳೆದದ್ದು. ಆದರೆ ನಗರದ ಅನೇಕ ಕ್ಲಬ್ಬುಗಳ ಸಭೆ ಇಂಗ್ಲಿಷಿನಲ್ಲೇ ನಡೆಯುತ್ತದೆ. ಇಂಗ್ಲಿಷ್ ಬಾರದ ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್, ಒಬ್ಬ ಹೂವಿನ ವ್ಯಾಪಾರಿ ಒಳಗೆ ಬರಲು ಹಿಂಜರಿಯುತ್ತಾರೆ. ಒಂದೊಂದು ಕಸುಬಿನಿಂದ ಒಬ್ಬರು ಎಂಬ ಹಳೆಯ ಮಾತು ಹಾಗಾದರೆ ಅರ್ಧಕ್ಕೇ ನಿಂತಿತು. ಕನ್ನಡದಲ್ಲಿ ಸಭೆ ನಡೆಸಿ ನೋಡಿ. ಯಾರು ಯಾರು ಬಾಯಿ ಬಿಡುತ್ತಾರೆ ಎಂದು ನಿಮಗೇ ಆಶ್ಚರ್ಯವಾಗುತ್ತದೆ.

ಮೂರನೆಯದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ರೋಟರಿಯಲ್ಲಿ ಅಧ್ಯಕ್ಷರು ಒಂದೇ ವರ್ಷಕ್ಕೆ. ಜುಲೈ 1ಕ್ಕೆ ಹೊಸಬರು. ಇದರಲ್ಲಿ ಒಳ್ಳೆಯದಿದೆ. ಒಬ್ಬರೇ ಕುರ್ಚಿಗೆ ಅಂಟಿಕೊಳ್ಳುವುದಿಲ್ಲ. ಆದರೆ ಪ್ರತಿ ಹೊಸ ಅಧ್ಯಕ್ಷರಿಗೂ ತಮ್ಮ ಹೆಸರಿನದೊಂದು ಹೊಸ ಯೋಜನೆ ಬೇಕು ಅನ್ನಿಸುತ್ತದೆ. ಹೋದ ವರ್ಷದವರು ಶಾಲೆಗೆ ಕೊಟ್ಟ ನೀರಿನ ಶುದ್ಧೀಕರಣ ಯಂತ್ರದ ಫಿಲ್ಟರ್ ಬದಲಿಸುವವರು ಇರುವುದಿಲ್ಲ. ಉದ್ಘಾಟನೆಯ ಶಾಲು, ಹಾರ, ಫೋಟೋ ಎಲ್ಲ ಆಗಿರುತ್ತದೆ. ಮಕ್ಕಳು ಮತ್ತೆ ಬೋರ್‌ವೆಲ್ಲಿನ ನೀರನ್ನೇ ಕುಡಿಯುತ್ತಿರುತ್ತಾರೆ. ಇದು ನನಗೆ ನೋವು ಕೊಡುವ ಸಂಗತಿ.

ತಿಪ್ಪಸಂದ್ರದ ರಕ್ತನಿಧಿ ಉಳಿದು ಬೆಳೆದದ್ದರ ಗುಟ್ಟು ನನಗೆ ಕಾಣುವುದು ಇಲ್ಲೇ. ಅದನ್ನು ಯಾವುದೇ ಒಂದು ವರ್ಷದ ಅಧ್ಯಕ್ಷರ ಯೋಜನೆಯಾಗಿ ಬಿಡಲಿಲ್ಲ. ಒಂದು ಟ್ರಸ್ಟಿನ ಕೈಗೆ ಕೊಟ್ಟರು. ಸಂಬಳದ ವೈದ್ಯರು, ತಂತ್ರಜ್ಞರು, ಲೆಕ್ಕಪತ್ರ, ಪರವಾನಗಿ ಎಲ್ಲ ಅಲ್ಲಿವೆ. ಕ್ಲಬ್ಬುಗಳ ಕೆಲಸ ದಾನಿಗಳನ್ನು ಕರೆತರುವುದು. ದಿನನಿತ್ಯದ ಕೆಲಸ ಟ್ರಸ್ಟಿನದು. ಆ ಬೇರಿನಿಂದ ಮುಂದೆ ಇನ್ನೊಂದು ಕೊಂಬೆಯೂ ಒಡೆದಿದೆ. ರಕ್ತದ ಕ್ಯಾನ್ಸರ್ ಇರುವವರಿಗೆ ಕಾಂಡಕೋಶ ದಾನಿಗಳ ಪಟ್ಟಿ ತಯಾರಿಸುವ ಡಿ.ಕೆ.ಎಂ.ಎಸ್.–ಬಿ.ಎಂ.ಎಸ್.ಟಿ. ಪ್ರತಿಷ್ಠಾನ, ಜರ್ಮನಿಯ ಸಂಸ್ಥೆಯೊಂದರ ಜೊತೆ ಸೇರಿ ಆದದ್ದು. ಹೊಸದಾಗಿ ಗದ್ದುಗೆ ಏರುವ ಅಧ್ಯಕ್ಷರಲ್ಲಿ ನನ್ನದೊಂದು ವಿನಂತಿ. ನಿಮ್ಮ ವರ್ಷದಲ್ಲಿ ಹೊಸದೇನನ್ನೂ ಉದ್ಘಾಟಿಸದಿದ್ದರೂ ಪರವಾಗಿಲ್ಲ. ಹಿಂದಿನವರು ಕೊಟ್ಟದ್ದು ಇನ್ನೂ ನಡೆಯುತ್ತಿದೆಯೇ ಎಂದು ಹೋಗಿ ನೋಡಿ ಬನ್ನಿ.

ಕೊರತೆಗಳನ್ನು ಹೇಳಿದೆ. ಇನ್ನು ಕಾಲದ ಕಷ್ಟ. ಕೆ.ಆರ್. ಪುರದ ತೂಗುಸೇತುವೆಯ ಬಳಿ, ಟಿನ್ ಫ್ಯಾಕ್ಟರಿಯ ಬಳಿ ಸಂಜೆ ಸಿಕ್ಕಿಹಾಕಿಕೊಂಡವರು ಏಳು ಗಂಟೆಯ ಸಭೆಗೆ ಎಂಟಕ್ಕೆ ಬರುತ್ತಾರೆ. 2023ರಲ್ಲಿ ಮೆಟ್ರೋ ಕೃಷ್ಣರಾಜಪುರವನ್ನು ಇಂದಿರಾನಗರಕ್ಕೆ ಜೋಡಿಸಿದ ಮೇಲೆ ಸ್ವಲ್ಪ ಹಗುರವಾಗಿದೆ. 2016ರಲ್ಲಿ ರೋಟರಿ ತನ್ನ ನಿಯಮ ಸಡಿಲಿಸಿತು. ತಿಂಗಳಿಗೆ ಎರಡು ಸಭೆಯಾದರೂ ಸಾಕು ಎಂದಿತು. ಪರದೆಯ ಮೇಲೆ ಸೇರಿದರೂ ಸರಿ. ದುಡಿಯುವ ತರುಣ ತರುಣಿಯರಿಗೆ ಅದು ಅನುಕೂಲ, ಒಪ್ಪುತ್ತೇನೆ. ಆದರೂ ನನ್ನ ಮನಸ್ಸು ಹಳೆಯ ವಾರದ ಸಭೆಯ ಕಡೆಗೇ ವಾಲುತ್ತದೆ. ಎರಡು ವಾರದಲ್ಲಿ ಒಂದು ತಂಡದ ಪ್ಲೇಟ್‌ಲೆಟ್ ಮುಗಿದು, ಇನ್ನೊಂದೂ ಮುಗಿದಿರುತ್ತದೆ.

ಈಗ ನಿಮ್ಮ ಮಾತು. ಕ್ಲಬ್ಬಿಗೆ ಸೇರಲೇಬೇಕು ಎಂದು ನಾನು ಹೇಳುತ್ತಿಲ್ಲ. ರೋಟರಿ ಇರಬಹುದು, ಲಯನ್ಸ್ ಇರಬಹುದು, ನಿಮ್ಮ ಬೀದಿಯ ಕನ್ನಡ ಸಂಘ, ಮಹಿಳಾ ಮಂಡಳಿ, ಗಣೇಶೋತ್ಸವ ಸಮಿತಿಯೇ ಇರಬಹುದು. ಹಬ್ಬಕ್ಕೆ ಮಾತ್ರ ಸೇರುವ ಸಮಿತಿ ತಿಂಗಳಿಗೆ ನಾಲ್ಕು ಸಲ ಸೇರಲಿ. ಒಂದು ಪುಸ್ತಕ ಇಡಲಿ. ಯಾರು ಏನು ಒಪ್ಪಿಕೊಂಡರು ಎಂದು ಅದರಲ್ಲಿ ಬರೆಯಲಿ. ಮುಂದಿನ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಲಿ.

ರಕ್ತ ಕೊಡಲು ಏನು ಬೇಕು ಎಂದು ಅನೇಕರು ಕೇಳುತ್ತಾರೆ. ಬರೆದುಕೊಳ್ಳಿ. ವಯಸ್ಸು 18ರಿಂದ 65ರ ಒಳಗೆ. ತೂಕ ಕನಿಷ್ಠ 45 ಕಿಲೋ. ಹಿಮೋಗ್ಲೋಬಿನ್ ಹನ್ನೆರಡೂವರೆ ಇರಬೇಕು. ಅದನ್ನು ಅಲ್ಲೇ ಬೆರಳಿನ ತುದಿಯಿಂದ ನೋಡುತ್ತಾರೆ. ಹಚ್ಚೆ ಹಾಕಿಸಿಕೊಂಡಿದ್ದರೆ ಒಂದು ವರ್ಷ ಕಾಯಬೇಕು. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮುಚ್ಚುಮರೆ ಇಲ್ಲದೆ ಹೇಳಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತಿಂಡಿ ತಿಂದು ಹೋಗಿ. ಕೊಟ್ಟ ಮೇಲೆ ಹತ್ತು ಹದಿನೈದು ನಿಮಿಷ ಅಲ್ಲೇ ಕೂತು, ಅವರು ಕೊಡುವ ಜ್ಯೂಸು ಕುಡಿದು ಏಳಿ. ಮಲಗಿ ಕೊಡುವ ಹೊತ್ತು ಹತ್ತು ನಿಮಿಷಕ್ಕಿಂತ ಹೆಚ್ಚಿಲ್ಲ. ನೋಂದಣಿ, ಪರೀಕ್ಷೆ, ವಿಶ್ರಾಂತಿ ಎಲ್ಲ ಸೇರಿ ಒಂದು ಗಂಟೆ ಹಿಡಿಯಬಹುದು.

ಒಮ್ಮೆ ಕೊಟ್ಟ ಮೇಲೆ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಬಿಟ್ಟು ಮತ್ತೆ ಕೊಡಬಹುದು. ಅಡುಗೆಮನೆಯ ಗೋಡೆಯ ಮೇಲೆ ಕ್ಯಾಲೆಂಡರ್ ಇದೆಯಲ್ಲ, ಆ ಮುಂದಿನ ದಿನಾಂಕಕ್ಕೆ ಇವತ್ತೇ ಒಂದು ಸುತ್ತು ಹಾಕಿ. ಪಕ್ಕದ ಮನೆಯವರಿಗೂ ಹೇಳಿ, ಇಬ್ಬರೂ ಒಟ್ಟಿಗೆ ಹೋಗಿ.